ಕೋವಿಯೊಳಗಿನ ಕಡ್ಡಿ

ನಾವು ಅಣ್ಣತಮ್ಮಂದಿರಿಬ್ಬರು, ಒಬ್ಬನು ಪುಣೆಯಲ್ಲಿ, ಇನ್ನೊಬ್ಬನು ಹೈದರಾಬಾದಿನಲ್ಲಿ ನೆಲೆಸಿ ನಾಲ್ಕು ದಶಕಗಳಾಗುತ್ತ ಬಂದವು. ಕಳೆದ ಸೆಪ್ಟೆಂಬರಿನಲ್ಲಿ ತಂಗಿಯ ಮನೆಗೆಂದು ಅಮೆರಿಕದ ಮಿನೆಸೋಟಾಕ್ಕೆ ಜೊತೆಯಾಗಿ ಹೋಗಿದ್ದೆವು. ಅಲ್ಲಿ ಬಾತುಗಳ ಬೇಟೆಯ ಋತು ಆರಂಭವಾಗಲು ಕೆಲವೇ ದಿನಗಳಿದ್ದವು. ನೆರೆಮನೆಯ ವೃದ್ಧರು ತಮ್ಮ ಪಂಪ್ ಆಕ್ಷನ್ ಕೋವಿಯನ್ನು ಗ್ಯಾರೇಜಿನ ಮೇಜಿನ ಮೇಲಿರಿಸಿಕೊಂಡು ಚಿಂತೆಯಲ್ಲಿ ಕುಳಿತಿದ್ದರು. ಮಲೆನಾಡಿನ ಶಿಕಾರಿಯ ಮನೆಯಲ್ಲಿ ಬೆಳೆದ ನಮಗೆ ಕುತೂಹಲ ತಡೆಯಲಾಗಲಿಲ್ಲ.

ಕೋವಿಯ ನಳಿಗೆಯ ಕೆಳಗೆ ಮ್ಯಾಗಜೀನ್ ಕೊಳವೆಯಿರುತ್ತದೆ. ಅವರ ಕೋವಿಯ ಕೊಳವೆಯಲ್ಲಿ ನಾಲ್ಕು ತೋಟೆಗಳು ಹಿಡಿಸುತ್ತಿದ್ದವು. ಆದರೆ ವಲಸೆ ಬಾತುಗಳ ಬೇಟೆಗೆ ಒಯ್ಯುವ ಕೋವಿಯಲ್ಲಿ ಒಟ್ಟು ಮೂರಕ್ಕಿಂತ ಹೆಚ್ಚು ಹಿಡಿಸಕೂಡದು: ಕೊಳವೆಯಲ್ಲಿ ಎರಡು, ನಳಿಗೆಯ ಬುಡದಲ್ಲಿ ಒಂದು. 1935ರಿಂದಲೂ ಅಲ್ಲಿ ಈ ಕಟ್ಟಳೆಯಿದೆ. ಅದಕ್ಕಾಗಿ ಕೊಳವೆಯ ಸ್ಪ್ರಿಂಗಿನೊಳಗೆ ಒಂದು ಕಡ್ಡಿಯನ್ನು ಇಡುತ್ತಾರೆ. ಪ್ಲಗ್ ಎಂದು ಅದರ ಹೆಸರು. ಅದು ಒಂದೇ ತುಂಡಾಗಿರಬೇಕು, ಕೋವಿಯನ್ನು ಬಿಚ್ಚದೆ ಹೊರಗೆ ತೆಗೆಯಲು ಬರಬಾರದು. ಅವರ ಪ್ಲಗ್ ಮುರಿದಿತ್ತು. ಮದ್ದಿಲ್ಲದ ಪೊಳ್ಳು ತೋಟೆಗಳನ್ನು ತುಂಬಿ ನೋಡಿದಾಗ ಕೊಳವೆ ಮೂರನೆಯದನ್ನೂ ನುಂಗಿತ್ತು.

“ಇದನ್ನು ಯಾರು ಬಂದು ನೋಡುತ್ತಾರೆ?” ಎಂದು ನಮ್ಮಲ್ಲಿ ಕಿರಿಯವನು ಕೇಳಿದ.

“ಒಮ್ಮೊಮ್ಮೆ ವಾರ್ಡನ್ ನೋಡುವುದುಂಟು” ಎಂದ ಅವರು ತುಸು ತಡೆದು, “ಆದರೆ ಹಿಂಡು ತಲೆಯ ಮೇಲೆ ಬಂದಾಗ ನನ್ನ ಕೈಯನ್ನು ನಾನೇ ನಂಬಲಾರೆ” ಎಂದರು.

ಕೋವಿ ಬರಿದಾಗಿದೆಯೆಂದು ಅವರು ಎರಡೆರಡು ಸಲ ನೋಡಿಕೊಂಡರು. ಕೊಳವೆಯ ಮುಂದಿನ ಮುಚ್ಚಳವನ್ನು ತಿರುಗಿಸಿ ತೆಗೆದು, ನಳಿಗೆಯನ್ನು ಕಳಚಿ, ಸ್ಪ್ರಿಂಗ್ ಚಿಮ್ಮದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಹೊರತೆಗೆದರು. ಮುರಿದ ಚೂರುಗಳು ಮೇಜಿನ ಮೇಲೆ ಬಿದ್ದವು. ಉರುಟಾದ ಮರದ ಕೋಲೊಂದನ್ನು ಕೊಯ್ದು, ತುದಿಗಳನ್ನು ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿದರು. ಮೊದಲ ಸಲ ಕಡ್ಡಿ ಗಿಡ್ಡವಾಗಿ ಮೂರನೆಯ ತೋಟೆ ಮತ್ತೆ ಒಳಹೊಕ್ಕಿತು. ಎರಡನೆಯ ಕಡ್ಡಿ ಸರಿಹೋಯಿತು.

ನಾವಿಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ.

ದೊಡ್ಡಪ್ಪನದು ಜೋಡುನಳಿಗೆಯ ತೋಟಾ ಕೋವಿ. ಒಮ್ಮೆಗೆ ಎರಡೇ ಈಡು. ಆದರೆ ಅವರ ಬೆನ್ನ ಹಿಂದೆ ತೋಟೆಯ ಚೀಲ ಹಿಡಿದು ನಾವಿರುತ್ತಿದ್ದೆವು. 1970ರ ಸುಮಾರಿನ ಒಂದು ಚಳಿಗಾಲದ ಬೆಳಗ್ಗೆ ಊರ ಕೆರೆಗೆ ಬಾತುಗಳು ಇಳಿದಿದ್ದವು. ಎರಡು ಈಡಾದೊಡನೆ ದೊಡ್ಡಪ್ಪ, “ಸಾಕು, ನಡೀರಿ ಮಕ್ಕಳಾ” ಎಂದರು. “ಇನ್ನೊಂದ್ಸಲ ದೊಡ್ಡಪ್ಪಾ” ಎಂದು ನಾವು ತೋಟೆಗಳನ್ನು ಅವರ ಕೈಗಿತ್ತೆವು. ಹಾಗೆ ಚೀಲ ಬರಿದಾಗುವವರೆಗೂ ಕೊಟ್ಟೆವು. ಮನೆಮಂದಿ ತಿಂದು ತೀರಿಸಲಾರದಷ್ಟು ಹಕ್ಕಿಗಳು ಬಿದ್ದವು. ರೆಕ್ಕೆ ಮುರಿದ ಕೆಲವು ಜೊಂಡಿನೊಳಗೆ ಸೇರಿಕೊಂಡು ಎಷ್ಟು ಹುಡುಕಿದರೂ ಸಿಗಲಿಲ್ಲ. ಕತ್ತಲಾಗುವವರೆಗೂ ಅವುಗಳ ಕೂಗು ಮನೆಯಂಗಳಕ್ಕೆ ಕೇಳುತ್ತಿತ್ತು. ಆ ರಾತ್ರಿ ದೊಡ್ಡಪ್ಪ ಉಣ್ಣಲಿಲ್ಲ. ಮತ್ತೆಂದೂ ಅವರು ಕೆರೆಗೆ ಕೋವಿ ಒಯ್ಯಲಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ವಿನೋದದ ಬೇಟೆಗೆ ಪರವಾನಗಿ ಕೊಡುವ ಪದ್ಧತಿ ನಿಂತದ್ದು 1991ರ ತಿದ್ದುಪಡಿಯಿಂದ. ನಮ್ಮ ಮನೆಯ ಕೋವಿ ಅದಕ್ಕೆಲ್ಲ ಮೊದಲೇ ಮೌನವಾಗಿತ್ತು. ಊರಿನವರು ಕಾರಣ ಕೇಳಿದಾಗ ದೊಡ್ಡಪ್ಪ ಕಣ್ಣು ಮಂಜಾಯಿತೆನ್ನುತ್ತಿದ್ದರು. ನಮ್ಮ ಹೆಸರನ್ನು ಅವರು ಒಮ್ಮೆಯೂ ಎತ್ತಲಿಲ್ಲ. ನಾವೂ ಎತ್ತಲಿಲ್ಲ, ಊರು ಬಿಟ್ಟು, ಸಂಸಾರ ಕಟ್ಟಿ, ಅವರ ಉತ್ತರಕ್ರಿಯೆಗೆ ಹೋಗಿಬಂದ ಮೇಲೂ ಆ ಬೆಳಗಿನ ಮಾತು ನಮ್ಮ ನಡುವೆ ಬಂದಿರಲಿಲ್ಲ.

ಅಂದು ರಾತ್ರಿ ತಂಗಿಯ ಮನೆಯ ಜಗಲಿಯಲ್ಲಿ ಕುಳಿತಿದ್ದಾಗ ಅದು ತಾನಾಗಿ ಬಂತು. ಚೀಲ ತನ್ನ ಹೆಗಲಲ್ಲಿತ್ತೆಂದು ಹಿರಿಯವನೆಂದ. ಇಲ್ಲ, ತನ್ನಲ್ಲಿತ್ತೆಂದು ಕಿರಿಯವನೆಂದ. ಬಹಳ ಹೊತ್ತು ವಾದಿಸಿದೆವು, ಇಬ್ಬರೂ ಬಿಟ್ಟುಕೊಡಲಿಲ್ಲ.