ಸಡಿಲಿದ ಸಂಧಿ

ಸಂಧಿಯೆಂಬ ಶಬ್ದವನ್ನು ಪಾಠಶಾಲೆಯಲ್ಲಿ ಮೊದಲು ಕಲಿತಾಗ, ಅದು ಅಕ್ಷರಗಳ ಕೂಡುವಿಕೆಗೆ ಮಾತ್ರ ಸಲ್ಲುವ ಹೆಸರೆಂದು ನಾವು ಹುಡುಗರು ತಿಳಿದಿದ್ದೆವು. ದೇಹಕ್ಕೂ ಸಂಧಿಗಳುಂಟೆಂಬುದು ಆಯುರ್ವೇದದ ಪರಿಚಯವಾದ ಮೇಲೆ ತಿಳಿಯಿತು. ಸುಶ್ರುತಸಂಹಿತೆಯು ಮನುಷ್ಯದೇಹದಲ್ಲಿ 210 ಸಂಧಿಗಳನ್ನು ಎಣಿಸಿ, ಅವುಗಳನ್ನು ಚಲಿಸತಕ್ಕವು, ಸ್ಥಿರವಾದವು ಎಂದು ಎರಡಾಗಿ ವಿಂಗಡಿಸಿ, ಆಕಾರಭೇದದಿಂದ ಎಂಟು ಬಗೆಗಳನ್ನು ಹೇಳುತ್ತದೆ. ಮೊಣಕಾಲು, ಮೊಣಕೈ, ಬೆರಳುಗಳ ಸಂಧಿಗೆ ಕೋರವೆಂದೂ, ತೊಡೆಯ ಬುಡದ ಸಂಧಿಗೆ ಉಲೂಖಲ, ಎಂದರೆ ಒರಳು, ಎಂದೂ ಹೆಸರು. ಮೊದಲನೆಯದು ಮಡಚಿ ತೆರೆಯುವುದು. ಎರಡನೆಯದು ಒರಳೊಳಗಿನ ಗುಂಡಿನಂತೆ ಎಲ್ಲ ಕಡೆಗೂ ತಿರುಗುವುದು.

ಈ ಎರಡು ಬಗೆಯ ಸಂಧಿಗಳೂ ಶಿಥಿಲವಾಗಿ ನಮ್ಮ ಮನೆಯೊಳಗೆ ಒಟ್ಟಿಗೆ ಸೇರಿದುದೇ ಈ ಲೇಖನಕ್ಕೆ ಕಾರಣವಾಗಿರುತ್ತದೆ. ಕಳೆದ ವರ್ಷದ ಆಷಾಢದ ಜಡಿಮಳೆಯಲ್ಲಿ ನನ್ನ ಸಹಧರ್ಮಿಣಿಯು ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದು ತೊಡೆಯ ಬುಡದ ಎಲುಬನ್ನು ಮುರಿದುಕೊಂಡಳು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ಹುಣಸೂರಿಗೆ ಮರಳಿದ ಬಳಿಕವೂ ದಿನದ ಬಹುಭಾಗವನ್ನು ದಿಂಬುಗಳಿಗೆ ಒರಗಿ ಹಾಸಿಗೆಯಲ್ಲಿಯೇ ಕಳೆಯಬೇಕಾಯಿತು. ಆಕೆ ಬಾಲ್ಯದಲ್ಲಿ ಕೃಷ್ಣರಾಜನಗರದ ತವರಿನಲ್ಲಿ ಗಮಕವನ್ನು ಕಲಿತವಳು. ಕಾವ್ಯವನ್ನೋದದೆ ಒಂದು ಸಂಜೆಯನ್ನೂ ಕಳೆದವಳಲ್ಲ. ಆದರೆ ದಪ್ಪ ಗ್ರಂಥವನ್ನು ಒರಗಿಕೊಂಡು ಹಿಡಿಯಲು ಕೈಗೆ ಶಕ್ತಿ ಸಾಲದು. ಸಣ್ಣಕ್ಷರವು ಕಣ್ಣಿಗೆ ನಿಲುಕದು. ಹೊರದೇಶದಲ್ಲಿರುವ ನಮ್ಮ ಮಗಳು ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪೊಂದು ಈ ಎರಡು ಕೊರತೆಗಳನ್ನೂ ನೀಗಿಸಿತು. ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದು. ಸಂಜೆ ಮಗಳ ಮುಖವನ್ನೂ ಅದರಲ್ಲಿಯೇ ನೋಡಬಹುದು.

ಆದರೆ ಅದರ ಪರದೆಯನ್ನು ಹಿಡಿದ ಕೀಲುಗಳು ಬಹುಕಾಲದ ಉಪಯೋಗದಿಂದ ಸಡಿಲಿದ್ದುವು. ಮೇಜಿನ ಮೇಲಿಟ್ಟಾಗ ಪರದೆಯು ಸಾಧುವಾಗಿ ನಿಲ್ಲುತ್ತಿತ್ತು. ತೊಡೆಯ ಮೇಲಿಟ್ಟೊಡನೆ ಅದರ ಸ್ವಭಾವವೇ ಬೇರೆಯಾಗುತ್ತಿತ್ತು. ಆಕೆ ಮೊಣಕಾಲನ್ನು ಕೊಂಚ ಎತ್ತಿದರೆ ಮುಂದಕ್ಕೆ ಮಗುಚಿ ಬೆರಳುಗಳ ಮೇಲೆ ಬೀಳುವುದು. ಕಾಲು ಚಾಚಿದರೆ ಹಿಂದಕ್ಕೆ ವಾಲಿ ಮಲಗಿಬಿಡುವುದು. ಹಿಂದಕ್ಕೆ ವಾಲಿದಾಗ ಪರದೆಯ ನೆತ್ತಿಯಲ್ಲಿರುವ ಕ್ಯಾಮೆರಾವೂ ಮೇಲ್ಮುಖವಾಗುವುದರಿಂದ, ಸಾವಿರಾರು ಮೈಲಿಯಾಚೆಯ ಮಗಳಿಗೆ ತಾಯಿಯ ಮುಖಕ್ಕೆ ಬದಲಾಗಿ ನಮ್ಮ ಮನೆಯ ತೊಲೆ ಜಂತೆಗಳ ದರ್ಶನವಾಗುತ್ತಿತ್ತು. ಪದ್ಯದ ಅರ್ಧದಲ್ಲಿ ಸ್ವರ ನಿಂತಿತೆಂದರೆ ಪರದೆ ಬಿದ್ದಿತೆಂದು ನಾನು ಹಜಾರದಿಂದಲೇ ತಿಳಿಯುತ್ತಿದ್ದೆನು. ಎದ್ದು ಹೋಗಿ ಅದನ್ನು ನಿಲ್ಲಿಸುವುದು ನನಗೇನೂ ಶ್ರಮವಾಗಿರಲಿಲ್ಲ. ಒಂದು ದಿನ ಆಕೆಯೇ, “ಏನೂಂದ್ರೆ, ನೀರಿಗೆ, ಔಷಧಿಗೆ, ಎದ್ದು ಕೂರೋದಕ್ಕೆ, ಎಲ್ಲಕ್ಕೂ ನಿಮ್ಮನ್ನ ಕೂಗಬೇಕಾಗಿದೆ. ಓದೋದೊಂದನ್ನಾದ್ರೂ ನನ್ನ ಪಾಡಿಗೆ ನಾನು ಓದಿಕೊಳ್ಳೋ ಹಾಗೆ ಮಾಡಿಕೊಡಿ” ಎಂದಳು. ಅಂದಿನಿಂದ ಆ ಕೀಲಿನ ವಿಚಾರವು ನನಗೆ ಶಾಸ್ತ್ರವಿಚಾರದಷ್ಟೇ ಗುರುತರವಾಯಿತು.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಬ್ಬಿಣದ ಕೀಲಿಲ್ಲದ ಕದಗಳನ್ನು ವಾಚಕರು ಕಂಡಿರಬಹುದು. ಕದದ ಒಂದು ಅಂಚಿನಲ್ಲಿ ಮೇಲೂ ಕೆಳಗೂ ಬಿಟ್ಟ ಮರದ ಗೂಟಗಳು ಕುಳಿಗಳಲ್ಲಿ ಕುಳಿತು ತಿರುಗುತ್ತವೆ. ಕುಳಿ ಸವೆದರೂ ತೆರೆದ ಕದವು ಸಾಮಾನ್ಯವಾಗಿ ತೆರೆದಲ್ಲಿಯೇ ನಿಲ್ಲುತ್ತದೆ. ಅದರ ಅಕ್ಷವು ನೆಟ್ಟಗಿರುವುದರಿಂದ ಭಾರವು ಹೊಸ್ತಿಲಿಗೆ ಇಳಿಯುತ್ತದೆಯೇ ಹೊರತು ಕದವನ್ನು ತಿರುಗಿಸುವುದಿಲ್ಲ. ಪೆಟ್ಟಿಗೆಯ ಮುಚ್ಚಳದ ಅಕ್ಷವಾದರೋ ಅಡ್ಡವಾಗಿರುತ್ತದೆ; ಅದರ ಭಾರವೇ ಅದನ್ನು ಬೀಳಿಸುತ್ತದೆ. ಆದಕಾರಣವೇ ಹಿಂದಿನ ಟ್ರಂಕುಗಳ ಮುಚ್ಚಳಕ್ಕೆ ಸರಪಳಿಯನ್ನೋ ತಡೆಗಂಬಿಯನ್ನೋ ಹಾಕುತ್ತಿದ್ದರು. ಲ್ಯಾಪ್‌ಟಾಪು ಸರಪಳಿಯಿಲ್ಲದ ಪೆಟ್ಟಿಗೆ. ಸಣ್ಣ ಉಕ್ಕಿನ ಅಚ್ಚಿನ ಮೇಲೆ ಒತ್ತಿ ಕೂರಿಸಿದ ಬಿಲ್ಲೆಗಳ ಘರ್ಷಣೆಯೇ ಅದರ ಪರದೆಯನ್ನು ಹಿಡಿದಿರುತ್ತದೆ. ಪರದೆಯು ನೆಟ್ಟಗಿರುವಾಗ ಘರ್ಷಣೆಗೆ ಹೆಚ್ಚು ಕೆಲಸವಿಲ್ಲ. ವಾಲಿದಷ್ಟೂ ಭಾರಕೇಂದ್ರವು ಅಚ್ಚಿನಿಂದ ಆಚೆಗೆ ಸರಿದು, ತಿರುಗಿಸುವ ಬಲವು ಬೆಳೆಯುತ್ತದೆ. ಮೇಜಿನ ಮೇಲೆ ಅಡಗಿದ್ದ ದೋಷವು ಹಾಸಿಗೆಯಲ್ಲಿ ಪ್ರಕಟವಾದುದು ಹೀಗೆ.

ಮಡಚುವ ಪರದೆಯ ಈ ರೂಪವನ್ನು ಬಿಲ್ ಮಾಗ್ರಿಡ್ಜ್ ಎಂಬ ಆಂಗ್ಲ ವಿನ್ಯಾಸಕಾರನು ಗ್ರಿಡ್ ಕಂಪಾಸ್ ಎಂಬ ಯಂತ್ರಕ್ಕಾಗಿ ಕಲ್ಪಿಸಿದನು. ಅದು 1982ರಲ್ಲಿ ಹೊರಬಂದಿತು. ಅಮೆರಿಕದವರು ಅದನ್ನು ತಮ್ಮ ಬಾಹ್ಯಾಕಾಶ ನೌಕೆಯಲ್ಲಿಯೂ ಕೊಂಡೊಯ್ದರು. ಭಾರವೇ ತೋರದ ಆ ಎಡೆಯಲ್ಲಿ ಕೀಲು ಸಡಿಲಿದರೂ ಪರದೆ ಬೀಳದು. ಭೂಮಿಯ ಮೇಲೆ ಹಾಸಿಗೆ ಹಿಡಿದವರಿಗೆ ಆ ಸೌಕರ್ಯವಿಲ್ಲ.

ಪೇಟೆಯಲ್ಲಿ ಇಂಥ ಯಂತ್ರಗಳನ್ನು ರಿಪೇರಿ ಮಾಡುವ ಹುಡುಗನೊಬ್ಬನು ನನ್ನ ಹಳೆಯ ಶಿಷ್ಯ. ಆ ಹಳೆಯ ಮಾದರಿಗೆ ಹೊಸ ಕೀಲು ಮೈಸೂರಿನಲ್ಲಿಯೂ ದೊರೆಯಲಿಲ್ಲವಾಗಿ, ಅವನು ತಳವನ್ನು ಬಿಚ್ಚಿ ಅಚ್ಚಿನ ತುದಿಯ ನಟ್ಟನ್ನು ತೋರಿಸಿದನು. “ಮೇಷ್ಟ್ರೇ, ಇದನ್ನ ಕಾಲು ಸುತ್ತು ಬಿಗೀತೀನಿ. ಇನ್ನೂ ಬಿಗಿದ್ರೆ ಪರದೆ ಗಟ್ಟಿಯಾಗಿ ನಿಲ್ಲತ್ತೆ, ಆದ್ರೆ ತಳ ಕಿತ್ಕೊಂಡು ಬರತ್ತೆ” ಎಂದನು. ಕೀಲಿನ ಪಾದವನ್ನು ಹಿಡಿದ ಸ್ಕ್ರೂಗಳು ಪ್ಲಾಸ್ಟಿಕ್ಕಿನಲ್ಲಿ ಹೂಳಿದ ಪುಟ್ಟ ಹಿತ್ತಾಳೆಯ ಬಳೆಗಳಲ್ಲಿ ನೆಲೆಸಿರುತ್ತವೆ. ಕೀಲು ಅತಿ ಬಿಗಿಯಾದರೆ ತೆರೆದು ಮುಚ್ಚುವ ಬಲವೆಲ್ಲವೂ ಆ ಬಳೆಗಳನ್ನು ಕೀಳುವುದರಲ್ಲಿ ವ್ಯಯವಾಗುತ್ತದೆ. ಪರದೆಗೆ ಹೋಗುವ ತಂತಿಗಳೂ ಕೀಲಿನ ಪಕ್ಕದಲ್ಲಿಯೇ ಹಾಯುವುದರಿಂದ ಅವೂ ನಲುಗಬಹುದು. ಓಲೆಗರಿಯ ಕಟ್ಟುಗಳನ್ನು ಬಲ್ಲವರಿಗೆ ಈ ನ್ಯಾಯವು ಹೊಸದಲ್ಲ. ದಾರವು ಸಡಿಲಿದರೆ ಗರಿಗಳು ಚೆದುರುವುವು. ಅತಿಯಾಗಿ ಬಿಗಿದರೆ ರಂಧ್ರದ ಅಂಚು ಸೀಳುವುದು. ಕಾಲು ಸುತ್ತಿನ ಬಿಗಿಯಿಂದ ಪರದೆಯು ಮೊದಲಿಗಿಂತ ಮೇಲಾಯಿತು. ಆದರೆ ಹಾಸಿಗೆಯ ಅಲುಗಾಟಕ್ಕೆ ಅದು ಸಾಲಲಿಲ್ಲ.

ಆಗ ನನಗೆ ವ್ಯಾಸಪೀಠವು ನೆನಪಿಗೆ ಬಂದಿತು. ಒಂದೇ ಹಲಗೆಯನ್ನು ಕೊರೆದು, ಮೊಳೆಯಿಲ್ಲದೆ ಒಂದರೊಳಗೊಂದು ಹೆಣೆದುಕೊಳ್ಳುವಂತೆ ಎರಡು ರೆಕ್ಕೆಗಳನ್ನು ಮಾಡಿರುತ್ತಾರೆ. ಮುಸಲ್ಮಾನರ ಮನೆಗಳಲ್ಲಿ ಕುರಾನನ್ನು ಇಡುವ ರೆಹಲ್ ಎಂಬುದೂ ಇದೇ ರಚನೆಯದು. ಅದನ್ನು ತೆರೆದಾಗ ಮರಕ್ಕೆ ಮರವು ತಾಗಿ ನಿಲ್ಲುವುದರಿಂದ ಗ್ರಂಥದ ಭಾರವು ಹೆಚ್ಚಿದಷ್ಟೂ ಪೀಠವು ಸ್ಥಿರವಾಗುತ್ತದೆ. ಪಿರಿಯಾಪಟ್ಟಣದ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿನ ಭಿಕ್ಷುಗಳು ಬಿಡಿಹಾಳೆಗಳ ಉದ್ದನೆಯ ಗ್ರಂಥಗಳನ್ನು ತಗ್ಗಾದ ಮೇಜುಗಳ ಮೇಲಿಟ್ಟು ಪಠಿಸುವುದನ್ನೂ ಕಂಡಿದ್ದೆನು. ಹೆಗ್ಗಡದೇವನಕೋಟೆಯಲ್ಲಿ ಉಪಾಧ್ಯಾಯನಾಗಿದ್ದಾಗ, ಹಿಂದೆ ಶಾನುಭೋಗಿಕೆಯಿದ್ದ ಮನೆಯೊಂದರಲ್ಲಿ ಇಳಿಜಾರು ಮುಚ್ಚಳದ ಡೆಸ್ಕನ್ನು ನೋಡಿದ್ದೆನು. ಇವೆಲ್ಲದರಲ್ಲಿಯೂ ಭಾರವನ್ನು ಹೊರುವ ಕೆಲಸ ಮರದ್ದು. ಓದುಗನ ಕೈಗೆ ಪುಟ ತಿರುಗಿಸುವುದಷ್ಟೇ ಉಳಿಯುತ್ತದೆ. ಲ್ಯಾಪ್‌ಟಾಪಿನ ಕೀಲಿಗೂ ತಿರುಗುವುದನ್ನು ಮಾತ್ರ ಬಿಟ್ಟು, ಹೊರುವುದನ್ನು ಬೇರೊಂದಕ್ಕೆ ಏಕೆ ಒಪ್ಪಿಸಬಾರದು?

ನಮ್ಮೂರಿನ ಬಡಗಿಯ ಬಳಿಗೆ ಹೋಗಿ, “ಆಚಾರ್ರೇ, ಹಾಸಿಗೆಯ ಮೇಲೆ ನಿಲ್ಲುವ ಒಂದು ಪೀಠ ಬೇಕು” ಎಂದು ನನ್ನ ಅಭಿಪ್ರಾಯವನ್ನು ವಿವರಿಸಿದೆನು. ಅವರು ಹಲಸಿನ ಹಲಗೆಯಿಂದ ಗಿಡ್ಡ ಕಾಲುಗಳ ಮಣೆಯೊಂದನ್ನು ಮಾಡಿಕೊಟ್ಟರು. ಅದರ ಕಾಲುಗಳು ತೊಡೆಯ ಎರಡು ಪಕ್ಕಗಳಲ್ಲಿ ಹಾಸಿಗೆಯ ಮೇಲೆ ಊರುವುದರಿಂದ ನೊಂದ ಅಂಗದ ಮೇಲೆ ಭಾರ ಬೀಳುವುದಿಲ್ಲ. ಕಾಲು ಅಲುಗಿದರೂ ಯಂತ್ರವು ಅಲುಗುವುದಿಲ್ಲ. ಮುಂದಿನ ಅಂಚಿನಲ್ಲಿ ಜಾರದಂತೆ ಒಂದು ಪಟ್ಟಿ. ಹಿಂಬದಿಯಲ್ಲಿ ಪರದೆಯಷ್ಟೇ ಎತ್ತರದ ಒರಗುಹಲಗೆ. ಆರಾಮಕುರ್ಚಿಗೆ ಇರುವಂತೆ ಅದಕ್ಕೆ ಮೂರು ಕಚ್ಚುಗಳು. ಪರದೆಯನ್ನು ಆ ಹಲಗೆಗೆ ಒರಗಿಸಿದರೆ ಅದರ ಭಾರವೇ ಅದನ್ನು ಅಲ್ಲಿ ನಿಲ್ಲಿಸುತ್ತದೆ. ಒರಗುವೆಡೆಯಲ್ಲಿ ಬಟ್ಟೆಯನ್ನು ಅಂಟಿಸಿದ್ದೇವೆ. ಕಂಬಳಿಯ ಮೇಲಿಟ್ಟರೆ ತಳದ ಗಾಳಿಕಂಡಿಗಳು ಮುಚ್ಚಿ ಯಂತ್ರವು ಕಾಯುತ್ತದೆ. ಮಣೆಯಿಂದ ಆ ಬಾಧೆಯೂ ತಪ್ಪಿತು. ಇಂಥ ಪೀಠವನ್ನು ಮಾಡಿಸುವವರಿಗೆ ಇನ್ನೊಂದು ಮಾತು: ಪರದೆಯನ್ನು ಒಂದು ಮೂಲೆಯಿಂದ ಎತ್ತಿದರೆ ಆ ಕಡೆಯ ಕೀಲೇ ತಿರುಚಿಕೊಳ್ಳುವುದರಿಂದ, ಮೇಲಂಚಿನ ನಡುವೆ ಹಿಡಿದು ಮೆಲ್ಲಗೆ ತೆರೆಯಬೇಕು.

ಈಚೆಗೆ ಆಕೆ ಮನೆಯೊಳಗೆ ವಾಕರನ್ನು ಹಿಡಿದು ನಾಲ್ಕು ಹೆಜ್ಜೆ ನಡೆಯುತ್ತಾಳೆ. ಕೂಡುತ್ತಿರುವ ಸಂಧಿಯನ್ನು ಆಡಿಸುತ್ತಿರಬೇಕು, ಪೂರ್ಣಭಾರವನ್ನು ಮಾತ್ರ ಅದರ ಮೇಲೆ ಈಗಲೇ ಹೊರಿಸಬಾರದು ಎಂದು ವೈದ್ಯರು ಹೇಳಿದಾಗ, ನಮ್ಮ ಹಲಸಿನ ಪೀಠದ ತತ್ತ್ವವೂ ಅದೇ ಎಂದು ಇಬ್ಬರೂ ನಕ್ಕೆವು. ಮಗಳಿಗೆ ಈಗ ಜಂತೆಗಳು ಕಾಣುವುದಿಲ್ಲ. ಸಂಜೆ ಹಜಾರದಲ್ಲಿ ಕುಳಿತ ನನಗೆ ಒಳಗಿನಿಂದ ಗಮಕದ ಸ್ವರವು ಸಂಧಿಯ ಕೊನೆಯವರೆಗೂ ತಡೆಯಿಲ್ಲದೆ ಕೇಳಿಬರುತ್ತದೆ. ಕಾವ್ಯದ ಅಧ್ಯಾಯಕ್ಕೂ ನಮ್ಮ ಹಿರಿಯರು ಸಂಧಿಯೆಂದೇ ಹೆಸರಿಟ್ಟಿರುವರಷ್ಟೆ.