ಚುಕ್ಕಿಯೇ ರುಜು

ಅಳಿಯನಿಗೆ ಭೋಪಾಲಿಗೆ ವರ್ಗವಾದ ಮೇಲೆ ಕಳೆದ ದಸರಾ ರಜೆಯಲ್ಲಿ ನಾನೂ ನನ್ನವಳೂ ಅಲ್ಲಿಗೆ ಹೋಗಿದ್ದೆವು. ಐದನೇ ತರಗತಿಯ ಮೊಮ್ಮಗಳು ಪುಟ್ಟಿ, "ತಾತ, ಬನ್ನಿ, ಆದಿವಾಸಿ ಮ್ಯೂಸಿಯಂ ತೋರಿಸ್ತೀನಿ" ಎಂದು ಕೈ ಹಿಡಿದು ಹೊರಡಿಸಿದಳು.

ಮಧ್ಯಪ್ರದೇಶದ ಈ ಬುಡಕಟ್ಟು ವಸ್ತುಸಂಗ್ರಹಾಲಯ ಇರುವುದು ಶ್ಯಾಮಲಾ ಹಿಲ್ಸ್ ಎಂಬ ಗುಡ್ಡದ ಮೇಲೆ. ಪ್ರಾರಂಭವಾದದ್ದು 2013ರಲ್ಲಿ. ಮ್ಯೂಸಿಯಂ ಎಂದರೆ ಗಾಜಿನ ಪೆಟ್ಟಿಗೆ, ಒಳಗೆ ಧೂಳು ಹಿಡಿದ ಬಿಲ್ಲು-ಬಾಣ, ಪಕ್ಕದಲ್ಲೊಂದು ಚೀಟಿ ಎಂದುಕೊಂಡಿದ್ದೆ. ಇಲ್ಲಿ ಹಾಗಲ್ಲ. ಗೊಂಡ, ಭಿಲ್, ಬೈಗಾ, ಕೋರ್ಕು, ಕೋಲ್, ಭಾರಿಯಾ, ಸಹರಿಯಾ ಜನರ ಮನೆಗಳೇ ಎದ್ದು ನಿಂತಿವೆ. ಬುಡಕಟ್ಟಿನ ಕಲಾವಿದರೇ ಬಂದು ಮಣ್ಣು ಮೆತ್ತಿ, ಬಿದಿರು ಹೆಣೆದು, ಗೋಡೆಗೆ ಚಿತ್ರ ಬರೆದಿದ್ದಾರೆ. ತಲೆ ಬಗ್ಗಿಸಿ ಒಳಗೆ ಹೋಗಬಹುದು. ಆದಿವಾಸಿ ಮಕ್ಕಳ ಆಟಗಳಿಗೆಂದೇ ಒಂದು ವಿಭಾಗವಿದೆ. ಪುಟ್ಟಿಯನ್ನು ಅಲ್ಲಿಂದ ಹೊರಡಿಸುವುದೇ ಕಷ್ಟವಾಯಿತು!

ಮುಂದೆ ಒಂದು ಉದ್ದನೆಯ ಗೋಡೆ. ಅದರ ಮೇಲೆ ಭೂರಿಬಾಯಿ ಎಂಬ ಭಿಲ್ ಕಲಾವಿದೆ ತಮ್ಮ ಬದುಕಿನ ಕಥೆಯನ್ನು ಚಿತ್ರವಾಗಿ ಬರೆದಿದ್ದಾರೆ. ಝಾಬುವಾ ಜಿಲ್ಲೆಯ ಪಿಟೋಲ್ ಗ್ರಾಮದವರು. ಭೋಪಾಲಿನಲ್ಲಿ ಭಾರತ ಭವನ ಕಟ್ಟುವಾಗ ಅಲ್ಲಿ ಕೂಲಿಗೆ ಬಂದರು. ಅಲ್ಲಿದ್ದ ಕಲಾವಿದ ಜೆ. ಸ್ವಾಮಿನಾಥನ್ ಅವರು, "ನಿಮ್ಮೂರಲ್ಲಿ ಗೋಡೆಗೆ ಬರೆಯುವುದನ್ನು ಇಲ್ಲಿ ಕಾಗದದ ಮೇಲೆ ಬರೆದು ತೋರಿಸಮ್ಮ" ಎಂಬಂತೆ ಕೇಳಿದರಂತೆ. ಅಂದು ಕಲ್ಲು-ಮಣ್ಣು ಹೊತ್ತ ಆ ತಾಯಿಗೆ 2021ರಲ್ಲಿ ಪದ್ಮಶ್ರೀ ಬಂತು.

ಚಿತ್ರದ ಮೈತುಂಬ ಚುಕ್ಕಿಗಳು. "ನನ್ನ ರಂಗೋಲಿ ಚುಕ್ಕಿ ಇದರ ಮುಂದೆ ಏನೂ ಅಲ್ಲ" ಎಂದಳು ನನ್ನವಳು. ಭಿಲ್ ಕಲಾವಿದರು ಒಬ್ಬೊಬ್ಬರೂ ಚುಕ್ಕಿ ಇಡುವ ರೀತಿ ಬೇರೆ ಬೇರೆಯಂತೆ. ಚುಕ್ಕಿ ನೋಡಿಯೇ ಇದು ಇಂಥವರ ಚಿತ್ರವೆಂದು ಬಲ್ಲವರು ಹೇಳುತ್ತಾರಂತೆ. ಅಂದರೆ ಚುಕ್ಕಿಯೇ ಅವರ ರುಜು!

ರುಜು ಎಂದ ಕೂಡಲೇ ನನಗೆ ನನ್ನ ಕೌಂಟರ್ ನೆನಪಾಯಿತು. ಚಾಮರಾಜನಗರದ ಕಡೆ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಬೆಟ್ಟದಿಂದ ಸೋಲಿಗರ ಅಜ್ಜಿಯೊಬ್ಬರು ಬರುತ್ತಿದ್ದರು. ಹೆಬ್ಬೆಟ್ಟಿನ ಗಿರಾಕಿ ಎಂದರೆ ಕೆಲಸ ಜಾಸ್ತಿ, ಸಾಕ್ಷಿ ಬೇರೆ ಬೇಕು. "ಆಮೇಲೆ ಬಾ" ಎಂದು ಎಷ್ಟೋ ಸಲ ಊಟದ ಹೊತ್ತಿನವರೆಗೂ ಕೂರಿಸಿದ್ದೇನೆ. ನನಗಿಂತ ಹಿರಿಯರನ್ನು ಏಕವಚನದಲ್ಲಿ ಕರೆದಿದ್ದೇನೆ. ಅವರು ಒಂದು ದಿನವೂ ಗೊಣಗಲಿಲ್ಲ. ಹೆಬ್ಬೆಟ್ಟಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು, ದುಡ್ಡನ್ನು ಸೆರಗಿಗೆ ಗಂಟು ಹಾಕಿ ಎದ್ದು ಹೋಗುತ್ತಿದ್ದರು.

ಈ ವಿಷಯವನ್ನು ಪುಟ್ಟಿಗೆ ಹೇಳಿದೆ. ಅವಳು ಕೇಳಿದಳು: "ಆ ಅಜ್ಜಿಗೆ ಏನೇನು ಬರ್ತಿತ್ತು ತಾತ? ಚಿತ್ರ ಬರ್ತಿತ್ತಾ, ಹಾಡು ಬರ್ತಿತ್ತಾ?"

"ನಾನು ಕೇಳಲೇ ಇಲ್ಲ ಪುಟ್ಟಿ" ಎಂದೆ.

ಕಾಡಿನ ಜೇನು, ಗೆಡ್ಡೆ-ಗೆಣಸು, ಮೂಲಿಕೆಗಳ ವಿಷಯದಲ್ಲಿ ಸೋಲಿಗರ ತಿಳಿವಳಿಕೆ ದೊಡ್ಡದು. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಆ ಅಜ್ಜಿಗೆ ಬಾರದಿದ್ದ ಒಂದೇ ವಿದ್ಯೆ, ಅಕ್ಷರ.

ಬರುವ ಬೇಸಿಗೆ ರಜೆಗೆ ಪುಟ್ಟಿ ನಮ್ಮಲ್ಲಿಗೆ ಬರುತ್ತಾಳೆ. ಬಿಳಿಗಿರಿರಂಗನ ಬೆಟ್ಟಕ್ಕೆ ಕರೆದೊಯ್ಯುವುದೆಂದು ಮಾತಾಗಿದೆ. ಆ ಅಜ್ಜಿ ಈಗ ಇರಲಾರರು. ಅವರ ಮಕ್ಕಳೋ ಮೊಮ್ಮಕ್ಕಳೋ ಸಿಕ್ಕರೆ ಪಕ್ಕದಲ್ಲಿ ಕುಳಿತು, "ನಿಮ್ಮಜ್ಜಿಗೆ ಏನೇನು ಬರ್ತಿತ್ತು, ಹೇಳಿ" ಎಂದು ಕೇಳಬೇಕು. ಕೇಳದಿದ್ದರೆ ಪುಟ್ಟಿ ನನ್ನನ್ನು ಬಿಡುವವಳಲ್ಲ.