ಗುಂಡಗಡಗಿಯೂ ಗುಂಡಿನ ಡಬ್ಬಿಯೂ

ಅರವತ್ತಾರು ತುಂಬಿದ, ಹಣೆಯ ತುಂಬ ವಿಭೂತಿ ಧರಿಸಿದ, ಮಠದ ಅನ್ನವನ್ನುಂಡು ಮಠದ ಪಾಠಶಾಲೆಯಲ್ಲಿಯೇ ಓದಿದ ಮನುಷ್ಯನೊಬ್ಬನು ಪಿಸ್ತೂಲು ಹಿಡಿದು ಗುರಿಯಾಟವಾಡುತ್ತಾನೆಂದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ ಮುಖವನ್ನು ದಿಟ್ಟಿಸಿ ನೋಡುತ್ತಾರೆ. ಆದುದರಿಂದ ಈ ಹವ್ಯಾಸದ ಮೂಲವನ್ನು ಮೊದಲೇ ಹೇಳಿಬಿಡುವುದು ಒಳಿತು.

1976ರಲ್ಲಿ ನಾನು ಮಠದ ಪ್ರಸಾದನಿಲಯದಲ್ಲಿದ್ದು ಪದವಿ ತರಗತಿಯಲ್ಲಿ ಓದುತ್ತಿದ್ದೆ. ಎನ್.ಸಿ.ಸಿ.ಗೆ ಸೇರಿದವರಿಗೆ ಸಂಜೆ ಉಪಾಹಾರ ದೊರೆಯುತ್ತಿತ್ತೆಂಬುದೇ ನಾನು ಸೇರಿದುದಕ್ಕೆ ಮುಖ್ಯ ಕಾರಣ. ದೇಶಸೇವೆಯ ವಿಚಾರ ಆಮೇಲಿನದು. ಶಿಬಿರದಲ್ಲಿ ನೆಲದ ಮೇಲೆ ಬೋರಲು ಮಲಗಿಸಿ, ಪಾಯಿಂಟ್ ಟೂ ಟೂ ರೈಫಲ್ ಕೈಗಿತ್ತು, ಐದು ಗುಂಡು ಹಾರಿಸಲು ಹೇಳಿದರು. ಐದೂ ಕಾಗದದ ನಡುವಿನ ಕಪ್ಪು ಭಾಗದಲ್ಲಿಯೇ ನಾಟಿದ್ದವು. ಹವಾಲ್ದಾರರು ಬೆನ್ನು ತಟ್ಟಿದರು. ಅನಂತರ ಅಧ್ಯಯನ, ಅಧ್ಯಾಪನ, ಸಂಸಾರ ಇವುಗಳಲ್ಲಿ ನಲವತ್ತು ವರ್ಷ ಕಳೆದುಹೋದವು. ನಿವೃತ್ತನಾದ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮೂರಿನಲ್ಲಿ ಹತ್ತು ಮೀಟರಿನ ಗುರಿಯಾಟದ ಕೋಣೆಯೊಂದನ್ನು ತೆರೆದು, ಒಂದು ಸಂಜೆ ನನ್ನನ್ನು ಕರೆದೊಯ್ದು ಗಾಳಿ ಪಿಸ್ತೂಲನ್ನು ಕೈಗಿಟ್ಟನು. ಅಂದಿನಿಂದ ಈ ಗೀಳು ಹತ್ತಿತು.

ಪೂಜ್ಯ ಶ್ರೀಗಳವರ ಕಿವಿಗೆ ಈ ಸುದ್ದಿಯನ್ನು ಯಾರೋ ಮುಟ್ಟಿಸಿದರು. ದರ್ಶನಕ್ಕೆ ಹೋದಾಗ, "ಯಾರಿಗೆ ಹೊಡೆಯುತ್ತೀರಿ?" ಎಂದು ಕೇಳಿದರು. "ಕಾಗದಕ್ಕೆ, ಬುದ್ಧೀ" ಎಂದೆ. "ಹಾಗಾದರೆ ಕಾಗದ ವ್ಯರ್ಥವಾಗದಂತೆ ಹೊಡೆಯಿರಿ" ಎಂದು ನಕ್ಕರು. ಮನೆಯವರ ಆಕ್ಷೇಪಣೆಯೂ ಅಲ್ಲಿಗೆ ಮುಗಿಯಿತು.

ಈ ಆಟದ ಸ್ವರೂಪವನ್ನು ಅರಿಯದವರಿಗಾಗಿ ಎರಡು ಮಾತು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದುದು ಹತ್ತು ಮೀಟರ್ ಗಾಳಿ ರೈಫಲ್ ಸ್ಪರ್ಧೆಯಲ್ಲಿ. 2024ರ ಪ್ಯಾರಿಸ್ಸಿನಲ್ಲಿ ಮನು ಭಾಕರ್ ಕಂಚು ಗೆದ್ದುದು ಗಾಳಿ ಪಿಸ್ತೂಲಿನಲ್ಲಿ. ಇವುಗಳಲ್ಲಿ ಮದ್ದು ಇಲ್ಲ, ಬೆಂಕಿ ಇಲ್ಲ. ಪುಟ್ಟ ಉರುಳೆಯೊಂದರಲ್ಲಿ ವಾತಾವರಣದ ಇನ್ನೂರು ಪಟ್ಟು ಒತ್ತಡದಲ್ಲಿ ತುಂಬಿಟ್ಟ ಗಾಳಿಯೇ 4.5 ಮಿಲಿಮೀಟರ್ ದಪ್ಪದ ಸೀಸದ ಗುಂಡನ್ನು ತಳ್ಳುತ್ತದೆ. ಒಂದು ಗುಂಡಿನ ತೂಕ ಸುಮಾರು ಅರ್ಧ ಗ್ರಾಂ. ಪಿಸ್ತೂಲಿನ ಗುರಿಯ ನಡುವಣ ಹತ್ತಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ, ನಿಂತು ಹೊಡೆಯಬೇಕು. ದೃಷ್ಟಿಯು ಗುರಿಯ ಮೇಲಲ್ಲ, ನಳಿಗೆಯ ತುದಿಯ ಗುರಿಕಡ್ಡಿಯ ಮೇಲೆ ನಿಲ್ಲಬೇಕು. ಗುರಿ ಮಸುಕಾಗಿಯೇ ಕಾಣಬೇಕು. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನಿಲ್ಲಿಸುವುದನ್ನು ಬಾಲ್ಯದಿಂದಲೂ ಮಾಡಿದವನಿಗೆ ಇದು ಸುಲಭವಾಗಬೇಕಿತ್ತಲ್ಲವೆ ಎಂದು ಕೆಲವರು ಕೇಳುತ್ತಾರೆ. ಹಾಗೆ ಹೋಲಿಸುವುದು ನನಗೆ ಸರಿದೋರದು. ಆದರೂ ಉಸಿರನ್ನು ಅರ್ಧ ಬಿಟ್ಟು ತಡೆಯುವ ಆ ಕ್ಷಣದಲ್ಲಿ ಎಡಗೈ ತಾನಾಗಿಯೇ ಎದೆಯ ಬಳಿ ಅಂಗೈ ತೆರೆದು ನಿಲ್ಲುವುದುಂಟು. ತರಬೇತಿ ಕೊಡುವ ಹುಡುಗ, "ಸರ್, ಎಡಗೈ ಜೇಬಿನಲ್ಲಿಡಿ" ಎಂದು ಗದರಿಸುತ್ತಾನೆ.

2024ರ ಚಳಿಗಾಲದಲ್ಲಿ ದೆಹಲಿಯಲ್ಲಿರುವ ಮಗನ ಮನೆಗೆ ಹೋಗುವ ಪ್ರಸಂಗ ಬಂದಿತು. ಅದೇ ಸಮಯಕ್ಕೆ ಅಲ್ಲಿ ನನ್ನಂಥ ಹಿರಿಯ ಹವ್ಯಾಸಿಗಳ ಸ್ನೇಹಪಂದ್ಯವೊಂದಿತ್ತು. ಪಿಸ್ತೂಲನ್ನೂ ಕೊಂಡೊಯ್ಯಬೇಕೆಂದು ಮನಸ್ಸಾಯಿತು. ನಮ್ಮ ದೇಶದ 2016ರ ಆಯುಧ ನಿಯಮಗಳ ಮೇರೆಗೆ 4.5 ಮಿಲಿಮೀಟರ್ ಮೀರದ, 20 ಜೂಲ್ ಶಕ್ತಿಗಿಂತ ಹೆಚ್ಚಿಲ್ಲದ ಗಾಳಿ ಆಯುಧಕ್ಕೆ ಪರವಾನಗಿ ಬೇಕಿಲ್ಲ. ಆದರೆ ವಿಮಾನದವರ ಕಣ್ಣಿಗೆ ಅದೂ ಆಯುಧವೇ, ಮಕ್ಕಳ ಆಟಿಕೆಯ ಪಿಸ್ತೂಲೂ ಆಯುಧವೇ. ಕೈಚೀಲದಲ್ಲಿ ಯಾವುದಕ್ಕೂ ಪ್ರವೇಶವಿಲ್ಲ. ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು, ತಾನಾಗಿಯೇ ಮುಂಗಟ್ಟೆಯಲ್ಲಿ ತಿಳಿಸಿ, ಸಾಮಾನಿನ ಜೊತೆಗೆ ವಿಮಾನದ ಒಡಲಿಗೆ ಕಳಿಸಬೇಕು.

ಮೂರು ಗಂಟೆ ಮುಂಚಿತವಾಗಿಯೇ ನಿಲ್ದಾಣವನ್ನು ತಲುಪಿದೆ. ಮುಂಗಟ್ಟೆಯಲ್ಲಿದ್ದ ಹುಡುಗಿಗೆ, "ತಾಯೀ, ಇದರಲ್ಲಿ ಪಿಸ್ತೂಲಿದೆ" ಎಂದು ಮೆಲುದನಿಯಲ್ಲಿ ಹೇಳಿದೆ. ಆಕೆ ನನ್ನ ಹಣೆಯನ್ನೂ ಪೆಟ್ಟಿಗೆಯನ್ನೂ ನೋಡಿ, "ಏನಿದೆ ಅಂದ್ರಿ?" ಎಂದು ಕೇಳಿದಳು. ಎರಡನೆಯ ಸಲ ಹೇಳುವಾಗ ಹಿಂದಿನ ಸಾಲಿನವರೆಲ್ಲ ಕೇಳಿಸಿಕೊಂಡರು. ಪೆಟ್ಟಿಗೆ ತೆರೆಸಿದರು. ಗಾಳಿಯ ಉರುಳೆಯನ್ನು ಮನೆಯಲ್ಲಿಯೇ ಬರಿದುಮಾಡಿ, ತಿರುಗಿಸಿ ಬೇರ್ಪಡಿಸಿದ್ದೆ. ಒತ್ತಡದ ಮುಳ್ಳು ಸೊನ್ನೆಯಲ್ಲಿತ್ತು. ಖರೀದಿಯ ರಸೀದಿ, ಕ್ಲಬ್ಬಿನ ಪತ್ರ, ಪಂದ್ಯದ ಆಹ್ವಾನ, ಗುರುತಿನ ಚೀಟಿ ಎಲ್ಲವನ್ನೂ ಕ್ರಮವಾಗಿ ಜೋಡಿಸಿಟ್ಟಿದ್ದೆ. ಅಧಿಕಾರಿಯೊಬ್ಬರು ಬಂದು ನೋಡಿ, ಪ್ರಪತ್ರಕ್ಕೆ ನನ್ನ ಸಹಿ ಪಡೆದು, "ಎಲ್ಲರೂ ನಿಮ್ಮಂತೆ ತಯಾರಾಗಿ ಬಂದರೆ ನಮ್ಮ ಕೆಲಸ ಹಗುರವಾಗುತ್ತಿತ್ತು" ಎಂದರು. ಈ ಪ್ರಶಂಸೆಯು ನನ್ನ ತಲೆಗೇರಿತೆಂಬುದನ್ನು ಮುಚ್ಚಿಡಲಾರೆ.

ಆ ಹಮ್ಮಿನಲ್ಲಿಯೇ ತಪಾಸಣೆಯ ಸಾಲಿಗೆ ನಡೆದೆ. ಬಾಗಿಲಚೌಕಟ್ಟಿನಂಥ ಲೋಹಶೋಧಕವನ್ನು ದಾಟುತ್ತಲೇ ಅದು ಕೂಗಿಕೊಂಡಿತು. ಉತ್ತರ ದೇಶದ ತರುಣ ಜವಾನನು ಕೈಯಲ್ಲಿದ್ದ ಸಲಕರಣೆಯನ್ನು ನನ್ನ ಮೈಮೇಲಾಡಿಸಿದನು. ಎದೆಯ ಬಳಿ ಮತ್ತೆ ಕೂಗಿತು. ಜುಬ್ಬಾದ ಒಳಗಿದ್ದ ಬೆಳ್ಳಿಯ ಕರಡಿಗೆಯನ್ನು ಕಂಡು, "ಬಾಬಾಜಿ, ಇದನ್ನು ತೆಗೆದು ತಟ್ಟೆಯಲ್ಲಿಡಿ" ಎಂದು ಹಿಂದಿಯಲ್ಲಿ ಹೇಳಿದನು. ಅವನು ತೋರಿಸಿದ ತಟ್ಟೆಯಲ್ಲಿ ನನ್ನ ಮುಂದಿನವನ ಚರ್ಮದ ಪಟ್ಟಿಯೂ ಬೂಟುಗಳೂ ಇದ್ದವು.

ಓದುಗರಿಗೆ ಹೇಳಬೇಕಾಗಿಲ್ಲ. ದೀಕ್ಷೆಯಾದಂದಿನಿಂದ ಅಂಗದಿಂದ ಅಗಲದ ಲಿಂಗವನ್ನು ಬೂಟುಗಳ ಜೊತೆ ಯಂತ್ರದೊಳಗೆ ಕಳಿಸುವುದೆಂತು? ಸಾಧ್ಯವಿಲ್ಲವೆಂದೆ. ಅವನು ಮತ್ತೊಮ್ಮೆ ಕೇಳಿದನು. ನನ್ನ ಹರಕು ಹಿಂದಿಯಲ್ಲಿ ಅಂಗಲಿಂಗ ಸಂಬಂಧವನ್ನು ಕುರಿತು ಸಣ್ಣ ಉಪನ್ಯಾಸವನ್ನೇ ಮಾಡಿದೆ; ದನಿಯೂ ಏರಿತು. ಅವನು ಮಾತ್ರ ದನಿಯೇರಿಸಲಿಲ್ಲ. ತನ್ನ ಮೇಲಿನವರನ್ನು ಕರೆದನು. ಬಂದವರು ಕನ್ನಡದ ಹೆಣ್ಣುಮಗಳು, ಹುದ್ದೆಯಲ್ಲಿ ದೊಡ್ಡವರೆಂದು ಭುಜದ ಮೇಲಿನ ನಕ್ಷತ್ರಗಳೇ ಹೇಳುತ್ತಿದ್ದವು.

"ಅಜ್ಜಾರ, ಕೂಗೂದು ಯಾವುದರೀ? ಲಿಂಗಪ್ಪನೋ, ಬೆಳ್ಳೀನೋ?" ಎಂದು ಆಕೆ ಕೇಳಿದರು.

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಲೋಹಶೋಧಕವು ಕಂಡುಹಿಡಿಯುವುದು ವಿದ್ಯುತ್ತು ಸುಲಭವಾಗಿ ಹರಿಯುವ ವಸ್ತುವನ್ನು. ಬೆಳ್ಳಿಯಲ್ಲಂತೂ ಅದು ಬಹಳ ಸಲೀಸಾಗಿ ಹರಿಯುತ್ತದೆ. ಲಿಂಗವಾದರೋ ಶಿಲೆ, ಮೇಲಿನದು ಕಂತಿಯ ಲೇಪ; ಅದರಲ್ಲಿ ಲೋಹವಿಲ್ಲ. ಪಕ್ಕಕ್ಕೆ ಸರಿದು ನಿಂತು, ವಸ್ತ್ರವನ್ನು ಬಿಚ್ಚಿ ಲಿಂಗವನ್ನು ಎಡದ ಅಂಗೈಯಲ್ಲಿರಿಸಿಕೊಂಡೆ. ಖಾಲಿ ಕರಡಿಗೆಗೆ ಬೇರೊಂದು ತಟ್ಟೆಯನ್ನು ಆ ಜವಾನನೇ ತನ್ನ ಕರವಸ್ತ್ರದಿಂದ ಒರೆಸಿ ತಂದಿಟ್ಟನು. ಪೂಜೆಯ ವೇಳೆಯಲ್ಲಿ ಕುಳಿತಂತೆಯೇ ಅಂಗೈಯನ್ನು ಎದೆಯ ಸಮಕ್ಕೆ ಹಿಡಿದು ಚೌಕಟ್ಟನ್ನು ದಾಟಿದೆ. ಯಂತ್ರವು ಮೌನವಾಗಿತ್ತು.

ಆಚೆ ಬದಿಯಲ್ಲಿ ಕರಡಿಗೆ ಬರುವುದನ್ನು ಕಾಯುತ್ತ ನಿಂತಾಗ ನನ್ನ ಕೈಚೀಲವು ಸಾಲಿನಿಂದ ಬೇರೆಡೆಗೆ ಸರಿದುದನ್ನು ಕಂಡೆ.

"ಅಜ್ಜಾರ, ಈ ಚೀಲ ನಿಮ್ಮದೇನ್ರೀ?"

"ಹೌದವ್ವಾ, ನನ್ನದೇ."

"ಇದರಾಗ ಒಂದು ದುಂಡನ ಡಬ್ಬಿ ಐತಲ್ಲ, ಅದರಾಗ ಏನೈತ್ರೀ?"

ಪರದೆಯನ್ನು ನನ್ನತ್ತ ತಿರುಗಿಸಿದರು. ಆ ಯಂತ್ರದಲ್ಲಿ ಪುಸ್ತಕ, ಬಟ್ಟೆ ಮುಂತಾದವು ಕಿತ್ತಳೆಯ ಬಣ್ಣದಲ್ಲಿಯೂ ಲೋಹಗಳು ನೀಲಿಯಾಗಿಯೂ ಕಾಣುತ್ತವೆ. ಕಿರಣವು ತೂರಲಾರದಷ್ಟು ದಟ್ಟವಾದುದು ಕಪ್ಪಾಗಿ ತೋರುತ್ತದೆ. ನನ್ನ ಕಿತ್ತಳೆ ಬಣ್ಣದ ಪುಸ್ತಕಗಳ ನಡುವೆ ಹುಣ್ಣಿಮೆಯ ಚಂದ್ರನಿಗೆ ಮಸಿ ಬಳಿದಂಥ ಕಪ್ಪು ವೃತ್ತವೊಂದಿತ್ತು. ನೋಡಿದೊಡನೆಯೇ ತಿಳಿಯಿತು. ಅಂಗೈಯಲ್ಲಿ ಲಿಂಗ, ಎದುರಿಗೆ ಆ ಡಬ್ಬಿ.

"ಗುಂಡು" ಎಂದೆ. ಸುತ್ತಲಿದ್ದ ನಾಲ್ಕಾರು ತಲೆಗಳು ಒಟ್ಟಿಗೇ ತಿರುಗಿದವು.

ಆಕೆ ಸಿಟ್ಟಾಗಲಿಲ್ಲ. "ಮೊದಲ ಲಿಂಗ ಕಟ್ಕೊಳ್ರಿ ಅಜ್ಜಾರ, ಆಮ್ಯಾಲೆ ಮಾತಾಡೂಣು" ಎಂದು ಕರಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟರು. ನಮ್ಮ ಕಡೆ ಕರಡಿಗೆಗೆ ಗುಂಡಗಡಗಿ ಎಂದೂ ಹೆಸರಿದೆ. ಶಿವದಾರವನ್ನು ಬಿಗಿಯುವಾಗ ಆ ಹೆಸರು ನೆನಪಾಗಿ, ಅಳಬೇಕೋ ನಗಬೇಕೋ ತಿಳಿಯದಾಯಿತು. ಎರಡು ಬೆರಳು ಗಂಟನ್ನು ಹಿಡಿಯಲಾರದೆ ನಡುಗುತ್ತಿದ್ದವು.

ನಡೆದುದಿಷ್ಟು. ಮನೆಯಿಂದ ಅಭ್ಯಾಸಕ್ಕೆ ಹೋಗುವಾಗ ಒಯ್ಯುವ ಖಾದಿ ಚೀಲವೂ ಗ್ರಂಥಾಲಯಕ್ಕೆ ಒಯ್ಯುವ ಚೀಲವೂ ನನಗೆ ಒಂದೇ. ಹತ್ತು ದಿನಗಳ ಹಿಂದೆ ಐನೂರು ಗುಂಡುಗಳ ಡಬ್ಬಿಯನ್ನು ಅದರ ಒಳಜೇಬಿಗೆ ಹಾಕಿದವನು ನಾನೇ. ಪೆಟ್ಟಿಗೆಯಲ್ಲಿ ಬೇರೊಂದು ಡಬ್ಬಿಯನ್ನಿಡಬೇಕೆಂದುಕೊಂಡು ಅದನ್ನೂ ಮರೆತಿದ್ದೆ. ಪಿಸ್ತೂಲಿನ ವಿಷಯದಲ್ಲಿ ಅಷ್ಟು ಜಾಗರೂಕನಾಗಿದ್ದವನಿಗೆ ಈ ಕಾಲು ಕಿಲೋ ಸೀಸವು ಹೆಗಲಿಗೆ ಭಾರವೆನಿಸಲಿಲ್ಲ.

ಇನ್ನೊಬ್ಬ ಅಧಿಕಾರಿ ಬಂದರು. ಅವರ ಮಾತು ಕಟುವಾಗಿತ್ತು. ಮದ್ದು ತುಂಬಿದ ತೋಟಾ ಒಂದೇ ಒಂದು ಸಿಕ್ಕಿದ್ದರೂ ಆಯುಧ ಕಾಯಿದೆಯ ಮೇರೆಗೆ ಪೊಲೀಸರಿಗೊಪ್ಪಿಸಬೇಕಾಗುತ್ತಿತ್ತೆಂದರು. ಡಬ್ಬಿಯನ್ನು ತೆರೆದು, ಒಂದೊಂದನ್ನೂ ಬೆರಳಿನಲ್ಲಿ ಹಿಸುಕಿ, ಬರಿಯ ಸೀಸವೆಂದು ಖಚಿತಪಡಿಸಿಕೊಂಡರು. ಒಂದು ಚಿಕ್ಕ ಬಟ್ಟೆಯ ತುಣುಕಿನಿಂದ ನನ್ನ ಅಂಗೈಯನ್ನೂ ಚೀಲದ ಅಂಚನ್ನೂ ಒರೆಸಿ ಇನ್ನೊಂದು ಯಂತ್ರಕ್ಕೆ ಕೊಟ್ಟರು. ಸ್ಫೋಟಕದ ಕಣ ಅತ್ಯಲ್ಪವಿದ್ದರೂ ಅದು ಹಿಡಿಯುತ್ತದೆ. ಮದ್ದಿನ ಬಂದೂಕು ಹಾರಿಸುವ ಆಟಗಾರರು ಕೈತೊಳೆದು ಬಂದರೂ ಒಮ್ಮೊಮ್ಮೆ ಅಲ್ಲಿ ಸಿಕ್ಕಿಬೀಳುವುದುಂಟು. ನನ್ನದು ಗಾಳಿಯ ಆಟವಾದುದರಿಂದ ಯಂತ್ರ ಸುಮ್ಮನಿತ್ತು. ಬಳಿಕ ವಿವರಣೆಯನ್ನು ಬರೆದುಕೊಡಲು ಕಾಗದ ಕೊಟ್ಟರು. ಮೂವತ್ತು ವರ್ಷ ವ್ಯಾಕರಣ ಪಾಠ ಹೇಳಿದವನು ಆ ಐದು ಸಾಲಿನಲ್ಲಿ ಎರಡು ಕಡೆ ಹೊಡೆದುಹಾಕಿ ತಿದ್ದಿದೆ.

ನಾನು ಬರೆಯುತ್ತಿರುವಾಗ ಪರಿಚಿತ ಮುಖವೊಂದು ಹಾದುಹೋಯಿತು. ನನ್ನ ಪಾಠ ಕೇಳಿದವನೇ. ಮಠದ ಜಾತ್ರೆಯಲ್ಲಿ ಪ್ರತಿ ವರ್ಷ ಕಾಲಿಗೆರಗುವವನು. ನಮ್ಮ ಕಣ್ಣುಗಳು ಕೂಡಿದವು. ಅವನು ಕೈಗಡಿಯಾರ ನೋಡಿಕೊಂಡು ಮುಂದೆ ನಡೆದನು. ಅವನನ್ನು ನಾನು ದೂರಲಾರೆ. ಅವನ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ಎಂದು ಇಂದಿಗೂ ಯೋಚಿಸುತ್ತೇನೆ. ಆ ದಿನ ಬಂದ ನೋವು ಅದೊಂದೇ. ಡಬ್ಬಿಯನ್ನು ಅಲ್ಲಿಯೇ ಬಿಟ್ಟುಕೊಟ್ಟು ಕೊನೆಯ ಕರೆಗೆ ವಿಮಾನ ಹತ್ತಿದೆ.

ಈ ತಪಾಸಣೆಗಳ ಇತಿಹಾಸವನ್ನು ಆಮೇಲೆ ಸ್ವಲ್ಪ ಓದಿಕೊಂಡೆ. ಒಂದು ಕಾಲಕ್ಕೆ ವಿಮಾನ ಹತ್ತುವವರನ್ನು ಯಾರೂ ತಡಕುತ್ತಿರಲಿಲ್ಲ. ಅಪಹರಣಗಳು ಮಿತಿಮೀರಿದ ಮೇಲೆ 1973ರ ಜನವರಿಯಿಂದ ಅಮೆರಿಕೆಯಲ್ಲಿ ಪ್ರತಿಯೊಬ್ಬ ಪ್ರಯಾಣಿಕನ ತಪಾಸಣೆ ಕಡ್ಡಾಯವಾಯಿತು. ನಮ್ಮಲ್ಲಿ 1999ರ ಡಿಸೆಂಬರಿನಲ್ಲಿ ಕಾಠ್ಮಂಡುವಿನಿಂದ ಹೊರಟ ವಿಮಾನವನ್ನು ಕಂದಾಹಾರಕ್ಕೆ ಒಯ್ದ ಬಳಿಕ, 2000ದಿಂದ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯು ಒಂದೊಂದಾಗಿ ನಿಲ್ದಾಣಗಳ ಕಾವಲು ವಹಿಸಿಕೊಂಡಿತು. ಇದೆಲ್ಲ ತಿಳಿದ ಮೇಲೆ ಆ ಜವಾನನೆದುರು ದನಿಯೇರಿಸಿದುದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಧಾರವಾಡದ ಉಚ್ಚ ನ್ಯಾಯಾಲಯದ ಪೀಠದಲ್ಲಿ ವಕೀಲರಾಗಿರುವ ನಮ್ಮ ಬೀಗರೊಬ್ಬರಿಗೆ ಈ ಕಥೆ ಹೇಳಿದಾಗ ಅವರು ನಗಲಿಲ್ಲ. ತೋಟಾ ಮರೆತು ಚೀಲದಲ್ಲಿ ಉಳಿದು ಮೊಕದ್ದಮೆಗೆ ಸಿಲುಕಿದವರು ಹಲವರಿದ್ದಾರಂತೆ. ಆಯುಧವು ಒಬ್ಬನ ಸ್ವಾಧೀನದಲ್ಲಿದೆಯೆನ್ನಲು ಅದು ತನ್ನಲ್ಲಿದೆಯೆಂಬ ಅರಿವು ಅವನಿಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 1972ರಲ್ಲಿಯೇ ಹೇಳಿದೆ. ಅದರ ಆಧಾರದ ಮೇಲೆ ಇಂಥ ಪ್ರಕರಣಗಳನ್ನು ಉಚ್ಚ ನ್ಯಾಯಾಲಯಗಳು ರದ್ದುಪಡಿಸಿದ್ದೂ ಉಂಟು. ಆದರೆ ಅಷ್ಟರೊಳಗೆ ಮನುಷ್ಯ ಠಾಣೆ, ಜಾಮೀನು, ವಕೀಲರ ಮನೆ ಎಂದು ತಿರುಗಿ ಸೊರಗಿರುತ್ತಾನೆ.

ಜೀವಮಾನವೆಲ್ಲ ವೇದಿಕೆಯ ಮೇಲೆ ವಿವರಿಸಿದ 'ಅರಿವು' ಎಂಬ ಪದವನ್ನು ಕಾನೂನಿನವರ ಬಾಯಲ್ಲಿ ಕೇಳಿ ಬೆರಗಾದೆ. ಅವರ ಲೆಕ್ಕದಲ್ಲಿ ನಾನು ಅರಿವಿಲ್ಲದವನು, ಆದುದರಿಂದ ನಿರ್ದೋಷಿ. ಆದರೆ ಡಬ್ಬಿಯನ್ನಿಟ್ಟ ಕೈ ನನ್ನದೇ ಅಲ್ಲವೆ? ಮರೆವೆಂಬುದು ಅರಿವಿನ ಅಭಾವವೋ, ಅರಿವಿನ ಮೇಲೆ ಬಿದ್ದ ಮುಸುಕೋ? ಬೀಗರೊಡನೆ ಇದನ್ನು ಚರ್ಚಿಸಲು ಹೊರಟೆ. "ಮಾಸ್ತರs, ನ್ಯಾಯಾಧೀಶರ ಮುಂದ ಇದನ್ನ ಕೇಳಬ್ಯಾಡ್ರಿ" ಎಂದರು.

ದೆಹಲಿಯಲ್ಲಿ ಪಂದ್ಯಕ್ಕೆ ನನ್ನ ಬಳಿ ಗುಂಡುಗಳೇ ಇರಲಿಲ್ಲ. ಪಕ್ಕದ ಸಾಲಿನ ನಿವೃತ್ತ ಸೇನಾಧಿಕಾರಿಯೊಬ್ಬರು ತಮ್ಮದನ್ನು ಕೊಟ್ಟರು. ಆರುನೂರಕ್ಕೆ ನಾನೂರ ತೊಂಬತ್ತೇಳು ಅಂಕಗಳು ಬಂದವು. ನನ್ನ ವಯಸ್ಸಿಗೆ ಸಾಧಾರಣ.

ನಮ್ಮ ಮನೆಯವರು ಆ ಖಾದಿ ಚೀಲದ ಹಿಡಿಕೆಗೆ ಈಗ ಕೆಂಪು ದಾರ ಹೊಲಿದಿದ್ದಾರೆ. ಅದು ಅಭ್ಯಾಸಕ್ಕಷ್ಟೇ, ಊರು ದಾಟುವಂತಿಲ್ಲ. ದೆಹಲಿಯಿಂದ ಹಿಂದಿರುಗುವ ಮುಂಜಾನೆ ಮಗನೂ ಸುಮ್ಮನಿರಲಿಲ್ಲ. "ಅಪ್ಪಾಜಿ, ಸ್ವಲ್ಪ ನಿಲ್ಲಿ" ಎಂದು ಬಾಗಿಲಲ್ಲಿಯೇ ತಡೆದು ನನ್ನ ಜುಬ್ಬಾದ ಜೇಬುಗಳನ್ನು ಹೊರಳಿಸಿದನು. ಬಲಜೇಬಿನಲ್ಲಿ ಕನ್ನಡಕದ ಬಟ್ಟೆ ಇತ್ತು. ಎಡಜೇಬಿನಿಂದ ಸೀಸದ ಗುಂಡೊಂದು ಟಣ್ಣೆಂದು ನೆಲಕ್ಕುರುಳಿ ಮಂಚದ ಕೆಳಗೆ ಹೋಯಿತು.